ಉಳಿದದ್ದು ಒಂದೇ ಪೇಪರು

ನಾಜಿಯಾಳ ಫೋನು ಬಂದಾಗ ಅನುರಾಧಾಳ ಎರಡೂ ಕೈ ಹಿಟ್ಟಾಗಿದ್ದವು. ಒಲೆಯ ಹಂಚಿನ ಮೇಲೆ ರೊಟ್ಟಿ ಬೇಯುತ್ತಿತ್ತು. ಮೊಣಕೈಯಿಂದಲೇ ಗುಂಡಿ ಒತ್ತಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಅನೂ, ನಿನ್ನ ಆ ಸಂಖ್ಯಾಶಾಸ್ತ್ರದ ಪೇಪರ ಇನ್ನೂ ಹಂಗೇ ಐತಲ್ಲ?"

"ಹಂಗೇ ಐತಿ. ಅದು ಎಲ್ಲಿ ಹೋಗ್ತೈತಿ?"

"ಈಗ ಹೋಗ್ತೈತಿ ನೋಡು. ಡಿಗ್ರಿ ಸೇರಿ ಆರು ವರ್ಷದಾಗ ಮುಗಸಬೇಕಂತ. ನಮ್ಮ ಬ್ಯಾಚಿಗೆ ಇದೇ ಕಡೀ ಛಾನ್ಸು. ಸೋಮವಾರದೊಳಗ ಫಾರ್ಮ ತುಂಬಲಿಲ್ಲಂದ್ರ ಮೂರು ವರ್ಷ ಓದಿದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಗ್ತೈತಿ."

ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಮನೆಯಲ್ಲಿ ಅವಳ ಕೈಯ ರೊಟ್ಟಿ ಸೀದದ್ದು ಅಪರೂಪ.

ಮೂರು ವರ್ಷದ ಹಿಂದೆ, ಬಿಎ ಕೊನೆಯ ಪರೀಕ್ಷೆ ನಡೆದಿದ್ದಾಗ, ಅಪ್ಪನ ತಾಯಿ, ಆಯಿ ಮುರಿಗೆವ್ವ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಬೇರೆಲ್ಲ ಪೇಪರು ಬರೆದಾಗಿತ್ತು, ಪಾಸೂ ಆದವು. ಸಂಖ್ಯಾಶಾಸ್ತ್ರದ ದಿನ ಮಾತ್ರ ಅನುರಾಧಾ ವಿಜಯಪುರದ ಆಸ್ಪತ್ರೆಯಲ್ಲಿ ಆಯಿಯ ಮಗ್ಗುಲಲ್ಲಿ ಕೂತಿದ್ದಳು. ಒಂದೇ ಪೇಪರು ತಾನೆ, ಮುಂದಿನ ಸಲ ಬರೆದರಾಯಿತು ಎಂದರು ಮನೆಯವರು. ಅವಳೂ ಹಾಗೇ ಅಂದುಕೊಂಡಳು. ಮುಂದಿನ ಸಲ ಆಯಿಗೆ ಬೆನ್ನುಹುಣ್ಣಾಗಿತ್ತು. ಅದರ ಮುಂದಿನ ಸಲ ಯಾರದೋ ಮದುವೆ. ಆಮೇಲೆ ಪರೀಕ್ಷೆ ಬಂದದ್ದೂ ಹೋದದ್ದೂ ಯಾರ ಗಮನಕ್ಕೂ ಬರಲಿಲ್ಲ. ತಾಯಿ ಮಹಾನಂದಾ ಶಾಲೆಯಲ್ಲಿ ಬಿಸಿಯೂಟದ ಅಡಿಗೆಗೆ ಹೋಗುತ್ತಿದ್ದಳು. ತಂದೆ ಗುರುಪಾದಯ್ಯನಿಗೆ ಬಬಲೇಶ್ವರದ ಪೇಟೆಯಲ್ಲಿ ಹಿಟ್ಟಿನ ಗಿರಣಿ. ತಮ್ಮ ಸತೀಶಕುಮಾರ ದಿನಾ ಎಂಟರ ಬಸ್ಸಿಗೆ ವಿಜಯಪುರಕ್ಕೆ ಹೋಗಿ ಬಿಎಸ್ಸಿ ಓದುತ್ತಿದ್ದ. ಆಯಿಯನ್ನು ಕೂರಿಸುವುದು, ಹೊರಳಿಸುವುದು, ತೊಳೆಯುವುದು, ಅವಳಿಗೆ ಉಣಿಸುವುದು ಅನುರಾಧಾಳ ಪಾಲಿಗೆ ಬಂದು ಅಲ್ಲೇ ಉಳಿಯಿತು. ಇವಳ ಜೊತೆ ಓದಿದ ನಾಜಿಯಾ ಬಿಎಡ್ ಮುಗಿಸಿ ತನ್ನೂರು ತಿಕೋಟಾದ ಸಾಲಿಯೊಂದರಲ್ಲಿ ಪಾಠ ಹೇಳುತ್ತಿದ್ದಳು.

ಆ ದಿನ ಊಟದ ಹೊತ್ತಿಗೆ ಅನುರಾಧಾ ಮಾತು ತೆಗೆದಳು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು, ಅಪ್ಪನಿಗೆ ಸೇರುವಂಥದ್ದು.

"ಬರಿ. ಯಾರು ಬ್ಯಾಡಂದಾರ?" ಎಂದ ಗುರುಪಾದಯ್ಯ. "ಆದ್ರ ಮನಿ ಕೆಲಸಕ್ಕ ಖೋತಾ ಆಗಬಾರದು."

"ಆವತ್ತೊಂದಿನ ನಾ ಸೂಟಿ ತಗೋತೀನಿ, ಅತ್ತಿ ಹತ್ರ ಇರ್ತೀನಿ," ಎಂದಳು ಮಹಾನಂದಾ.

ಸತೀಶ ತಾಟಿನಿಂದ ಮುಖ ಎತ್ತದೆಯೇ, "ಸ್ಟ್ಯಾಟಿಸ್ಟಿಕ್ಸ್ ಏನ ದೊಡ್ಡದಲ್ಲಕ್ಕ. ನಾ ಹೇಳಿಕೊಡ್ತೀನಿ," ಎಂದ.

ಗುರುಪಾದಯ್ಯನ ಮುಖ ಅರಳಿತು. "ಮತ್ತೇನು! ಬಿಎಸ್ಸಿ ಓದೂ ತಮ್ಮ ಮನ್ಯಾಗಿದ್ದಾಗ ಹೊರಗಿನ ಮಾಸ್ತರ ಯಾಕ ಬೇಕು? ಇನ್ನೊಂದ ರೊಟ್ಟಿ ಹಾಕ ಅವಂಗ."

ಪಿಯುಸಿ ವಿಜ್ಞಾನದಲ್ಲಿ ಸತೀಶ ಕಾಲೇಜಿಗೇ ಮೊದಲಿಗನಾಗಿದ್ದ. ಜೋಳ ಹಾಕಿಸಲು ಬಂದವರಿಗೆಲ್ಲ ಆ ಸುದ್ದಿ ಮೊದಲು, ಹಿಟ್ಟು ಆಮೇಲೆ. ಜೈನಾಪುರದಿಂದ ಚೀಲ ಹೊತ್ತು ಬಂದ ಮುದುಕರೂ "ಹುಡುಗ ಈಗ ಎಷ್ಟನೇದ್ರಿ ಅಯ್ಯಾರ?" ಎಂದು ಕೇಳಿಯೇ ಚೀಲ ಇಳಿಸುತ್ತಿದ್ದರು.

ಅನುರಾಧಾ ಫಾರ್ಮ ತುಂಬಿದಳು. ಪರೀಕ್ಷೆಗೆ ಇನ್ನು ನಾಲ್ಕು ವಾರ. ಸತೀಶ ಸೋಮವಾರ "ನಾಳೆ" ಎಂದ, ಮಂಗಳವಾರ "ತಲಿ ನೋವು" ಎಂದ, ಆ ವಾರ ಹಾಗೇ ಕಳೆಯಿತು. ರವಿವಾರ ಆಯಿಗೆ ಎರೆದು, ಬಟ್ಟೆ ಒಗೆದು, ಅನುರಾಧಾ ಪುಸ್ತಕ ಹಿಡಿದು ಅವನೆದುರು ಕೂತೇ ಬಿಟ್ಟಳು.

ಸತೀಶ ಪುಸ್ತಕ ನೋಡಿದ. ಹಾಳೆ ತಿರುವಿದ. ಸೂತ್ರವನ್ನು ಅವಳ ವಹಿಯಲ್ಲಿ ಚಂದಾಗಿ ಬರೆದು ಕೆಳಗೆ ಗೆರೆ ಎಳೆದ.

"ಇಲ್ಲಿ ಯಾಕ ಭಾಗಿಸಬೇಕು?" ಎಂದು ಕೇಳಿದಳು.

"ಅದು ಹಂಗೇ. ಸೂತ್ರನೇ ಹಂಗೈತಿ."

"ಹಂಗಂದ್ರ? ಈ ಎಂಟು ಎಲ್ಲಿಂದ ಬಂತು?"

"ಬಾಯಿಪಾಠ ಮಾಡಕ್ಕ, ಎಷ್ಟ ಕೇಳ್ತಿ! ಬಾಯಿಪಾಠ ಮಾಡಿದ್ರ ಬರ್ತೈತಿ!" ಸತೀಶನ ಕಿವಿ ಕೆಂಪಾಗಿತ್ತು. ಎದ್ದು ಹಿತ್ತಲಿಗೆ ಹೋದ.

ಅವನ ವಹಿಯಲ್ಲಿ ಇಂಥದೇ ಲೆಕ್ಕ ಇದ್ದೀತೆಂದು ಅನುರಾಧಾ ಅವನ ಚೀಲ ತೆಗೆದಳು. ಐದು ವಹಿ ಇದ್ದವು. ಪ್ರತಿಯೊಂದರ ಮೊದಲ ಎಂಟು ಹತ್ತು ಹಾಳೆಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರ, ತಲೆಬರಹಕ್ಕೆ ಕೆಂಪು ಮಸಿ, ಪಟ್ಟಿ ಇಟ್ಟು ಎಳೆದ ಗೆರೆ. ಅಲ್ಲಿಂದ ಮುಂದೆ ಐದೂ ವಹಿ ಖಾಲಿ. ಕೊನೆಯ ತಾರೀಖು ನಾಲ್ಕು ತಿಂಗಳ ಹಿಂದಿನದು.

ಹಿತ್ತಲಲ್ಲಿ ಸತೀಶ ಕೊಡಕ್ಕೆ ನೀರು ಹಿಡಿಯುತ್ತಿದ್ದ. ಅವಳ ಕೈಯಲ್ಲಿದ್ದ ವಹಿ ನೋಡಿದ, ನಳ ಬಂದ್ ಮಾಡಿದ.

"ಪರೀಕ್ಷಾ ಫಾರ್ಮ ತುಂಬೀಯೇನು?"

"ಹಾಜರಿ ಕಡಿಮಿ ಅಂತ ತುಂಬಸಿಕೊಂಡಿಲ್ಲ."

"ದಿನಾ ಡಬ್ಬಿ ಕಟಗೊಂಡ ಎಲ್ಲಿಗೆ ಹೋಗ್ತಿ ಮತ್ತ?"

"ಸ್ಟೇಷನ್ ರೋಡಿನ್ಯಾಗ ರೀಡಿಂಗ್ ರೂಮ ಐತಿ. ತಿಂಗಳಿಗಿಷ್ಟಂತ ಕುರ್ಚಿ ಹಿಡದೀನಿ."

"ಏನ ಓದ್ತಿ ಅಲ್ಲಿ?"

"ಪುಸ್ತಕ ತಗದ ಇಟ್ಕೊಂಡ ಕುಂದರ್ತೀನಿ." ಸತೀಶ ಕೊಡದ ಬಾಯಿಯನ್ನು ಬೆರಳಿಂದ ತಿಕ್ಕುತ್ತಿದ್ದ. "ಪಿಯುಸಿಗೆ ಟ್ಯೂಷನ್ ಸರ್ ಹೇಳತಿದ್ರಕ್ಕ. ಇದು ಬರ್ತೈತಿ, ಇದು ಬರೂದಿಲ್ಲ, ಇದನ್ನ ಹತ್ತು ಸಲ ಬರಿ ಅಂತ. ಬರೀತಿದ್ದೆ. ಇಲ್ಲಿ ಯಾರೂ ಏನೂ ಹೇಳೂದಿಲ್ಲ. ಇಂಗ್ಲಿಷಿನ್ಯಾಗ ಹೇಳಿ ಹೋಗಿಬಿಡ್ತಾರ. ಮೊದಲನೇ ಪರೀಕ್ಷಾದಾಗ ಎರಡು ಪೇಪರ ಹ್ವಾದ್ವು, ಎರಡನೇದ್ರಾಗ ಐದು. ಆಮ್ಯಾಲ ಕ್ಲಾಸಿನ್ಯಾಗ ಕುಂತ್ರ ಬೆವರ ಬರಾಕ ಹತ್ತಿತು."

"ಮೊದಲ ಹೇಳಬೇಕಿಲ್ಲೋ, ಹುಚ್ಚಾ!"

"ಯಾರಿಗೆ ಹೇಳ್ಲಿ? ಅಪ್ಪ ಊರ ತುಂಬ ಹೇಳ್ಕೊಂಡಾನ." ಕೊಡ ಬಿಟ್ಟು ಅವಳ ಹತ್ತಿರ ಬಂದ. "ಅಪ್ಪಗ ಹೇಳಬ್ಯಾಡಕ್ಕಾ. ನಿನ್ನ ಕಾಲ ಬೀಳ್ತೀನಿ. ನಿನ್ನ ಪರೀಕ್ಷಾ ಮುಗೀಲಿ, ನಾನ ಹೇಳ್ತೀನಿ. ಆಯಿ ಆಣಿ."

ಅನುರಾಧಾ ವಹಿಯನ್ನು ಸೆರಗಿನಲ್ಲಿ ಒರೆಸಿ ಅವನ ಕೈಗೆ ಕೊಟ್ಟಳು. "ಪರೀಕ್ಷಾ ಮುಗಿದ ಮರುದಿನ ಹೇಳಬೇಕು," ಎಂದಳು. ಮರುದಿನವೂ ಅವನಿಗೆ ಡಬ್ಬಿ ಕಟ್ಟಿದಳು.

ಮುಂದಿನ ರವಿವಾರ ತಾಯಿಯನ್ನು ಒಪ್ಪಿಸಿ ತಿಕೋಟಾಕ್ಕೆ ಹೋದಳು. ನಾಜಿಯಾ ಅಂಗಳದಲ್ಲಿ ಚಾಪೆ ಹಾಸಿ, ಒಣದ್ರಾಕ್ಷಿಯ ಬಟ್ಟಲು ನಡುವೆ ಇಟ್ಟು, ಮಾನಕ ವಿಚಲನೆಯಿಂದ ಶುರುಮಾಡಿದಳು. ಮೂರು ತಾಸಿನಲ್ಲಿ ಆರು ಲೆಕ್ಕ ಬಿಡಿಸಿದರು. ಅನುರಾಧಾ ತಲೆ ಆಡಿಸುತ್ತಿದ್ದಳು. ಎರಡು ತಿಳಿದಿದ್ದವು, ನಾಲ್ಕು ತಿಳಿದಿರಲಿಲ್ಲ. ಹೊತ್ತು ಇಳಿಯುತ್ತಿತ್ತು, ಬಸ್ಸು ತಪ್ಪಿಸಿಕೊಳ್ಳುವಂತಿರಲಿಲ್ಲ.

"ಹಂಗೇ ಬಾಯಿಪಾಠ ಮಾಡಬ್ಯಾಡ," ಎಂದಳು ನಾಜಿಯಾ ಬಸ್ಸಿಗೆ ಹತ್ತಿಸುತ್ತ. "ಅಲ್ಲಿ ಅಂಕಿ ಬ್ಯಾರೆ ಕೊಡ್ತಾರ. ದಾರಿ ತಿಳ್ಕೊ. ಮುಂದಿನ ವಾರನೂ ಬಾ."

ಮುಂದಿನ ವಾರ ಆಯಿಗೆ ಹೊಟ್ಟೆ ಕೆಟ್ಟಿತು. ದಿನಕ್ಕೆ ಐದಾರು ಸಲ ಹಾಸಿಗೆ ಒಗೆಯಬೇಕಾಯಿತು. ತಿಕೋಟಾಕ್ಕೆ ಹೋಗುವುದು ಆಗಲಿಲ್ಲ. ದಾರಿ ತಿಳಿಯಲು ಬೇಕಾದ ಹೊತ್ತು ಅವಳಿಗೆ ಸಿಗಲಿಲ್ಲ. ಕೈ ಕೆಲಸದಲ್ಲಿದ್ದಾಗ ಬಾಯಿಗೆ ಮಾತ್ರ ಬಿಡುವಿರುತ್ತಿತ್ತು. ರೊಟ್ಟಿ ಬಡಿಯುತ್ತ ಅವಳು ಲೆಕ್ಕ ಹೇಳಿದಳು, ಬಾಂಡೆ ತಿಕ್ಕುತ್ತ ಹೇಳಿದಳು, ಆಯಿಯ ಕಾಲಿಗೆ ಎಣ್ಣೆ ಹಚ್ಚುತ್ತ ಹೇಳಿದಳು. ನಾಜಿಯಾ ಬಿಡಿಸಿದ ಆರೂ ಲೆಕ್ಕ, ಮೊದಲ ಅಂಕಿಯಿಂದ ಕೊನೆಯ ಉತ್ತರದವರೆಗೆ, ತೊಟ್ಟಿಲ ಹಾಡಿನಂತೆ ಬಾಯಿಗೆ ಬಂದವು.

"ಮಾನಕ ವಿಚಲನಿ ಅಂದ್ರ ಯಾವ ದೇವ್ರಬೇ ಅದು?" ಎಂದಳು ಮುರಿಗೆವ್ವ ಒಂದು ದಿನ. "ಹಗಲೆಲ್ಲ ಅದನ್ನ ನೆನಿತೀಯಲ್ಲ."

"ವರಾ ಕೊಡೂ ದೇವ್ರಲ್ಲ ಆಯಿ," ಎಂದು ಅನುರಾಧಾ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಇರಬೇಕು.

ಪರೀಕ್ಷೆಯ ಹಿಂದಿನ ದಿನ ಸಂಜೆ ಮಹಾನಂದಾ ಶಾಲೆಯಿಂದ ಬಂದವಳು ಚಪ್ಪಲಿ ಕಳೆಯುವ ಮೊದಲೇ ಹೇಳಿದಳು. ಇನ್ನೊಬ್ಬ ಅಡಿಗೆಯವಳಿಗೆ ಜ್ವರ, ನಾಳೆ ತಾಲೂಕಿನ ಸಾಹೇಬರು ಊಟ ನೋಡಲು ಬರುತ್ತಾರೆ, ಹೆಡ್‌ಮಾಸ್ತರು ಸೂಟಿ ಕೊಡಲಿಲ್ಲ.

"ಕೆಲಸ ಬಿಟ್ಟ ಮನ್ಯಾಗ ಕುಂದರ ಅಂದ್ರು. ನಾ ಏನ ಮಾಡ್ಲೇ ಯವ್ವಾ?"

"ಅಪ್ಪಾ, ನೀ ಮುಂಜಾನೆ ಗಿರಣಿ ಬಂದ್ ಇಡ್ತಿ?" ಎಂದು ರಾತ್ರಿ ಊಟದ ಹೊತ್ತಿಗೆ ಅನುರಾಧಾ ಕೇಳಿದಳು.

"ನಾ ಇದ್ದು ಏನ ಮಾಡ್ಲಿ? ನಿಮ್ಮ ಆಯಿ ಬಟ್ಟಿ ನಾ ಬದಲಸ್ಲಿಕ್ಕ ಆಗ್ತೈತೇನು?" ಗುರುಪಾದಯ್ಯ ಕೈತೊಳೆಯುತ್ತ ಹೇಳಿದ. "ಮುಂದಿನ ಸಲ ಬರದ್ರಾತು."

"ಮುಂದಿನ ಸಲ ಇಲ್ಲಪ್ಪಾ. ಎಷ್ಟ ಸಲ ಹೇಳ್ಲಿ?"

"ಮತ್ತ ಸತೀಶನೂ ನಾಳೆ ಪರೀಕ್ಷಾ ಅಂತ ಹೇಳ್ಯಾನ. ಅವನ್ನ ಮನ್ಯಾಗ ಕುಂದರಸಲೇನು? ಒಬ್ಬರದು ಹೋಗೂದಾದ್ರ ಯಾರದು ಹೋಗಬೇಕು, ನೀನ ಹೇಳು."

ಅನುರಾಧಾ ತಮ್ಮನ ಕಡೆ ನೋಡಿದಳು. ಸತೀಶ ಗೋಡೆಗೆ ಒರಗಿ ಕೂತು ರೊಟ್ಟಿ ಮುರಿಯುತ್ತಿದ್ದ. ಒಂದು ತುಣುಕು ಮುರಿದ, ಅದನ್ನು ಮತ್ತೆ ಎರಡು ಮಾಡಿದ, ನಾಲ್ಕು ಮಾಡಿದ. ಬಾಯಿಗೆ ಇಡಲಿಲ್ಲ. ಅವನೇ ಹೇಳುತ್ತಾನೆಂದು ಅವಳು ಕಾದಳು. ಮಹಾನಂದಾ ಸಾರು ಬಡಿಸಿದಳು. ಗುರುಪಾದಯ್ಯ ಕಲಸಿಕೊಂಡು ಎರಡು ತುತ್ತು ಉಂಡ.

"ಸತೀಶಾ," ಎಂದಳು ಅನುರಾಧಾ.

ಅವನು ತುಣುಕುಗಳನ್ನು ತಾಟಿನ ಅಂಚಿಗೆ ಸರಿಸಿದ.

"ಅವಂಗ ಪರೀಕ್ಷಾ ಇಲ್ಲಪ್ಪಾ. ಅವನ ಫಾರ್ಮನ ತುಂಬಸಿಕೊಂಡಿಲ್ಲ. ನಾಲ್ಕು ತಿಂಗಳಾತು, ಕಾಲೇಜಿಗೆ ಹೋಗಿಲ್ಲ."

ಗುರುಪಾದಯ್ಯ ತುತ್ತನ್ನು ತಾಟಿಗೆ ಇಳಿಸಿದ. "ಏನಂದಿ?"

"ಅವನ್ನ ಕೇಳು."

"ಹೇಳಲೇ," ಎಂದ ಅಪ್ಪ.

ಸತೀಶನಿಗೆ ಏನು ಹೊಳೆಯಿತೋ, "ಪರೀಕ್ಷಾ ಐತಿ," ಎಂದುಬಿಟ್ಟ. ಮೆಲ್ಲಗೆ ಎಂದ, ಆದರೂ ಎಲ್ಲರಿಗೂ ಕೇಳಿಸಿತು.

ಗುರುಪಾದಯ್ಯ ಮಗಳ ಕಡೆ ತಿರುಗಿದ. "ನಿನ್ನೊಂದು ಪೇಪರ ಸಲುವಾಗಿ ಬೆನ್ನಿಗೆ ಬಿದ್ದ ತಮ್ಮನ ಮ್ಯಾಲ ಗೂಬಿ ಕೂಡಸ್ತಿ? ಇಂಥಾಕಿ ಅಂತ ಗೊತ್ತಿರಲಿಲ್ಲ ನನಗ!"

"ಚೀಲ ತಗದ ನೋಡು. ವಹಿ ನೋಡು."

"ಏನೂ ನೋಡೂದಿಲ್ಲ! ಮುಂಜಾನೆ ನಾನ ಇವನ ಜೋಡಿ ಕಾಲೇಜಿಗೆ ಹೋಗ್ತೀನಿ. ಇಂವ ಪರೀಕ್ಷಾ ಬರಿಯೂದ ಕಣ್ಣಾರೆ ನೋಡಿ ಬಂದು ನಿನಗ ಹೇಳ್ತೀನಿ. ಅಲ್ಲೀತನ ಬಾಯಿ ಮುಚಗೊಂಡ ಆಯಿ ಹತ್ರ ಕುಂದರು."

"ಮಗಳ ಪರೀಕ್ಷಾರೀ..." ಎಂದು ಮಹಾನಂದಾ ಬಾಯಿ ತೆರೆದಳು.

"ನೀ ಸುಮ್ಕಿರ!"

ಮರುದಿನ ಎಂಟಕ್ಕೆ ಅಪ್ಪ ಮಗ ಹೊರಟರು. ಸತೀಶ ಹೆಗಲಿಗೆ ಚೀಲ ಹಾಕಿದ್ದ, ಅದರಲ್ಲಿ ಪೆನ್ನು, ಪಟ್ಟಿ ಎಲ್ಲ ಇಟ್ಟುಕೊಂಡಿದ್ದ. ಅದನ್ನು ನೋಡಿ ಅನುರಾಧಾಳಿಗೆ ಸಿಟ್ಟು ಬರಲಿಲ್ಲ. ಮಹಾನಂದಾ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಮಗಳ ಮುಖ ನೋಡಲಾರದೆ ಶಾಲೆಯ ಕಡೆ ನಡೆದಳು.

"ಅನೂ," ಆಯಿ ಒಳಗಿಂದ ಕರೆದಳು. ಹಿಂದಿನ ದಿನದ ಜಗಳವೆಲ್ಲ ಅವಳ ಕಿವಿಗೆ ಬಿದ್ದಿತ್ತು. "ನೀ ಹೋಗಬೇ. ನಾ ಎಲ್ಲಿಗೂ ಓಡಿ ಹೋಗೂದಿಲ್ಲ. ಆಶಾಬಿನ್ನ ಕರಿ."

ಪಕ್ಕದ ಮನೆಯ ಆಶಾಬಿ ದ್ರಾಕ್ಷಿ ತೋಟದ ಕೆಲಸಕ್ಕೆಂದು ತಲೆಗೆ ವಸ್ತ್ರ ಸುತ್ತಿಕೊಂಡು ಗಾಡಿ ಕಾಯುತ್ತಿದ್ದಳು. ಅನುರಾಧಾ ಅರ್ಧ ಹೇಳುವುದರೊಳಗೆ ವಸ್ತ್ರ ಬಿಚ್ಚಿದಳು. "ಒಂದಿನದ ಕೂಲಿ ಹೋದ್ರ ಹೋಗಲಿ. ನಾ ಕುಂದರ್ತೀನಿ. ನೀ ದೌಡ ಹೋಗು ತಂಗಿ, ಬಸ್ಸು ಹೋದೀತು."

ಬಸ್ಸು ಸಿಕ್ಕಿತು. ಹತ್ತಕ್ಕೆ ಐದು ನಿಮಿಷ ಇರುವಾಗ ಅನುರಾಧಾ ವಿಜಯಪುರದ ಪರೀಕ್ಷಾ ಕೊಠಡಿಯಲ್ಲಿ ತನ್ನ ನಂಬರಿನ ಬೆಂಚಿನಲ್ಲಿ ಕೂತಿದ್ದಳು. ಸುತ್ತ ಕೂತವರೆಲ್ಲ ಅವಳಿಗಿಂತ ಚಿಕ್ಕವರು. ಸೀರೆ ಉಟ್ಟು ಬಂದವಳು ಅವಳೊಬ್ಬಳೇ. ಅವಸರದಲ್ಲಿ ಬದಲಿಸಲು ಆಗಿರಲಿಲ್ಲ, ಸೆರಗಿನ ಮೇಲೆ ಹಿಟ್ಟಿನ ಕಲೆ ಹಾಗೇ ಇತ್ತು.

ಪ್ರಶ್ನೆಪತ್ರಿಕೆ ಬಂತು. ಮಾನಕ ವಿಚಲನೆ ಇತ್ತು. ಸಹಸಂಬಂಧ ಇತ್ತು. ನಾಜಿಯಾ ಹೇಳಿದ ಆರರಲ್ಲಿ ನಾಲ್ಕು ಬಗೆಯ ಲೆಕ್ಕ ಅಲ್ಲಿದ್ದವು. ಒಂದು ಗಳಿಗೆ ಅವಳ ಎದೆ ಹಗುರಾಯಿತು. ಆಮೇಲೆ ಅಂಕಿ ನೋಡಿದಳು. ಒಂದೂ ಅವಳ ಬಾಯಿಯಲ್ಲಿದ್ದ ಅಂಕಿಯಲ್ಲ.

ಹೊಸ ಅಂಕಿ ಬರೆದುಕೊಂಡು ಶುರುಮಾಡಿದಳು. ಎರಡನೇ ಸಾಲಿನವರೆಗೆ ಬಂತು. ಮೂರನೆಯದರಲ್ಲಿ ಭಾಗಿಸಬೇಕು, ಯಾವುದರಿಂದ? ಬಾಯಿಪಾಠದಲ್ಲಿ ಅಲ್ಲಿ ಎಂಟು ಇತ್ತು. ಇಲ್ಲಿ ಎಂಟು ಎಲ್ಲೂ ಇರಲಿಲ್ಲ. ಹೊಡೆದು ಹಾಕಿದಳು. ಮತ್ತೆ ಬರೆದಳು, ಮತ್ತೆ ಹೊಡೆದಳು. ಕಿಟಕಿಯ ಹೊರಗೆ ಯಾರೋ ಮೋಟರ್‌ಸೈಕಲ್ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಹನ್ನೆರಡೂವರೆಗೆ, ಹಾಳೆ ಖಾಲಿ ಬಿಡಬಾರದೆಂದು, ನಾಜಿಯಾಳ ಲೆಕ್ಕಗಳನ್ನೇ ಅದೇ ಹಳೆಯ ಅಂಕಿಗಳೊಂದಿಗೆ, ಅದೇ ಉತ್ತರದೊಂದಿಗೆ, ಒಂದಕ್ಷರ ತಪ್ಪದೆ ಬರೆದಳು. ಸೊನ್ನೆ ಬೀಳುತ್ತದೆ ಎಂಬುದು ತಿಳಿದೇ ಬರೆದಳು. ಥಿಯರಿಯ ಪ್ರಶ್ನೆಗಳಲ್ಲಿ ನೆನಪಿದ್ದಷ್ಟನ್ನು ತುಂಬಿಸಿದಳು.

ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಒಂದು ಕಲ್ಲುಬೆಂಚಿನ ಮೇಲೆ ಕೂತಿದ್ದ. ಸತೀಶ ಎರಡು ಬೆಂಚು ಆಚೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಬಬಲೇಶ್ವರದ ಎರಡು ಬಸ್ಸು ಹೋದರೂ ಅವರು ಹತ್ತಿರಲಿಲ್ಲವೆಂದು ಕಾಣುತ್ತದೆ. ಅನುರಾಧಾ ಹೋಗಿ ಅಪ್ಪನ ಎದುರು ನಿಂತಳು. ಗುರುಪಾದಯ್ಯ ಅವಳನ್ನು ನೋಡಿದ, ಬೈಯಲಿಲ್ಲ.

"ಆಯಿ ಹತ್ರ ಯಾರದಾರ?"

"ಆಶಾಬಿ ಮಾವಶಿ."

"ಹೂಂ." ಸತೀಶನ ಕಡೆ ಕೈ ಮಾಡಿ ಹೇಳಿದ: "ಕಾಲೇಜಿನ ಗುಮಾಸ್ತ ಹಾಜರಿ ರಜಿಸ್ಟರ ತಗದ ತೋರಸ್ದ. ಇವನ ಹೆಸರಿನ ಮುಂದ ಬರೇ ಕೆಂಪ ಗೆರಿ. 'ತಂದಿ ಆಗಿ ಈಗೇನ್ರಿ ಬರೂದು?' ಅಂತ ಕೇಳ್ದ."

ಅವಳ ಪೇಪರು ಹೇಗಾಯಿತೆಂದು ಅವನು ಕೇಳಲಿಲ್ಲ. ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತು ಊರಿಗೆ ಬಂದರು.

ಮರುದಿನದಿಂದ ಸತೀಶ ಗಿರಣಿಗೆ ಹೋದ. ಹೋಗೆಂದು ಯಾರೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗುರುಪಾದಯ್ಯ ಮಗನೊಡನೆ ಮಾತು ಬಿಟ್ಟ. ಜೋಳ ತುಂಬು, ಚೀಲ ಕಟ್ಟು ಎನ್ನುವುದನ್ನೂ ಗಿರಾಕಿಗೆ ಹೇಳಿದಂತೆ ಮಾಡಿ ಹೇಳುತ್ತಿದ್ದ. ಜೈನಾಪುರದ ಮುದುಕ ಲಾಡಲೇಸಾಬ ಬಂದವನು ಹುಡುಗನ ಹುಬ್ಬಿನವರೆಗೆ ಹಿಟ್ಟು ನೋಡಿ, "ಸೂಟಿ ಏನ್ರಿ ಕಾಲೇಜಿಗೆ?" ಎಂದು ಕೇಳಿದ. ಗುರುಪಾದಯ್ಯ ಗಿರಣಿಯ ಪಟ್ಟಾ ಸರಿಮಾಡುತ್ತ ಬಾಗಿಬಿಟ್ಟ. ಕೆಲವು ದಿನದಲ್ಲಿ ಕೇಳುವುದನ್ನು ಎಲ್ಲರೂ ಬಿಟ್ಟರು.

ಊಟಕ್ಕೆ ಈಗ ಒಟ್ಟಿಗೆ ಕೂರುತ್ತಿರಲಿಲ್ಲ. ಅಪ್ಪ ಮೊದಲು ಉಣ್ಣುತ್ತಿದ್ದ, ಅವನು ಎದ್ದ ಮೇಲೆ ಸತೀಶ. ಅನುರಾಧಾ ಎರಡು ಸಲ ಬಡಿಸುತ್ತಿದ್ದಳು.

"ನೀ ಹೇಳಬಾರದಿತ್ತಕ್ಕ," ಎಂದ ಸತೀಶ ಒಂದು ದಿನ. "ನಾನ ಹೇಳ್ತಿದ್ದೆ."

"ಯಾವಾಗ?"

ಸತೀಶ ತಾಟು ಮುಂದೆ ಸರಿಸಿದ. ಶೇಂಗಾ ಚಟ್ನಿ ಕೇಳಿದ, ಹಾಕಿದಳು.

ಫಲಿತಾಂಶದ ದಿನ ನಾಜಿಯಾಳೇ ಫೋನಿನಲ್ಲಿ ನೋಡಿ ತಿಳಿಸಿದಳು. ಎಂಬತ್ತಕ್ಕೆ ಹತ್ತೊಂಬತ್ತು. ಪಾಸಿಗೆ ಇಪ್ಪತ್ತೆಂಟು ಬೇಕಿತ್ತು. "ಮತ್ತ ಮೊದಲನೇ ವರ್ಷಕ್ಕ ಹೆಸರು ಹಚ್ಚಬಹುದಂತ ಅನೂ. ಮನ್ಯಾಗ ಕುಂತ ಓದೂದು ಐತಿ." ಅನುರಾಧಾ ಹೂಂ ಎಂದಳು. ತಾಯಿಗೆ ಹೇಳಿದಾಗ ಮಹಾನಂದಾ ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಇನ್ನ ಮೂರು ವರ್ಷ? ನಿನ್ನ ಲಗ್ನ ಯಾವಾಗವ್ವಾ?" ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಅಕ್ಕಿಗೆ ಕೈ ಹಾಕಿದಳು.

ತಿಂಗಳೊಪ್ಪತ್ತಿನ ಮೇಲೆ ಸರಕಾರದ ಸಮೀಕ್ಷೆಯೆಂದು ಧೂಳಪ್ಪ ಮಾಸ್ತರು ಮನೆಗೆ ಬಂದರು. ಸತೀಶನಿಗೂ ಅನುರಾಧಾಳಿಗೂ ಸಾಲಿಯಲ್ಲಿ ಅಕ್ಷರ ಕಲಿಸಿದವರು. ಕರೆಂಟು ಹೋಗಿದ್ದರಿಂದ ಗಿರಣಿ ನಿಂತಿತ್ತು, ಗುರುಪಾದಯ್ಯನೂ ಸತೀಶನೂ ಮನೆಯಲ್ಲಿದ್ದರು. ಮಾಸ್ತರು ಕಟ್ಟೆಯ ಮೇಲೆ ಕೂತು ಫೋನು ತೆಗೆದರು. ಹೆಸರು, ವಯಸ್ಸು, ಜಾತಿ, ಉದ್ಯೋಗ ಎಲ್ಲ ಒತ್ತುತ್ತ ಹೋದರು.

"ಸತೀಶಕುಮಾರ. ಬಿಎಸ್ಸಿ ಅಲ್ಲೇನ್ರಿ?"

"ಪಿಯುಸಿ," ಎಂದ ಗುರುಪಾದಯ್ಯ.

ಮಾಸ್ತರು ಕನ್ನಡಕದ ಮೇಲಿಂದ ನೋಡಿದರು. ಹೊಸ್ತಿಲಲ್ಲಿ ಜರಡಿಯ ತಂತಿ ಕಟ್ಟುತ್ತಿದ್ದ ಸತೀಶ ಇನ್ನಷ್ಟು ಬಾಗಿದ. "ಓದು ಬಿಟ್ಟ ಕಾರಣ ಕೇಳ್ತೈತ್ರಿ ಇದು. ಒಂದ ಒತ್ತಬೇಕು. ಬಡತನ, ಮನೆಗೆಲಸ, ಮದುವೆ, ಅನಾರೋಗ್ಯ, ಆಸಕ್ತಿ ಇಲ್ಲ. ಯಾವುದ ಒತ್ಲಿ?"

ಗುರುಪಾದಯ್ಯ ಗಂಟಲು ಸರಿಮಾಡಿಕೊಂಡ. "ಮನಿ ಕೆಲಸ ಅಂತ ಒತ್ರಿ. ಗಿರಣ್ಯಾಗ ಮಂದಿ ಇರಲಿಲ್ಲ. ನಾನ ಬಿಡಿಸೀನಿ."

ಅನುರಾಧಾ ಚಹಾ ತಂದು ನಿಂತಿದ್ದಳು.

"ಅನುರಾಧಾಂದು ಬಿಎ ಅಲ್ಲೇನ್ರಿ?"

"ಆಕಿದೂ ಪಿಯುಸಿ. ಬಿಎ ಮುಗೀಲಿಲ್ಲ."

"ಕಾರಣ?"

ಗುರುಪಾದಯ್ಯ ಮಗಳ ಕಡೆ ನೋಡಿದ, ಕೂಡಲೇ ಅಂಗಳದ ಕಡೆ ನೋಡಿದ. "ಇಬ್ಬರಿಗೂ ಮನಿ ಕೆಲಸ ಅಂದ್ರ ಮಂದಿ ಏನಂದಾರು, ಮಾಸ್ತರ? ಮಕ್ಕಳನ್ನ ದುಡಿಸಿಕೊಂಡ ತಿಂತಾನಂತ ಅಂದಾರು." ಧೋತರದ ಅಂಚಿನಿಂದ ಮೂಗು ಒರೆಸಿಕೊಂಡ. "ಆಕಿದು ಆಸಕ್ತಿ ಇಲ್ಲ ಅಂತ ಒತ್ರಿ."

ಮಾಸ್ತರ ಬೆರಳು ಫೋನಿನ ಮೇಲೆ ನಿಂತಿತು. "ಹೌದೇನವಾ ಅನುರಾಧಾ?"

ಜರಡಿಯ ಸಪ್ಪಳವೂ ನಿಂತಿತ್ತು.

"ಒತ್ರಿ ಸರ್," ಎಂದಳು ಅನುರಾಧಾ. "ಚಾ ಆರಾಕತ್ತೈತಿ."

ಮಾಸ್ತರು ಒತ್ತಿದರು. ಒಂದು ಗುಟುಕು ಚಹಾ ಕುಡಿದು ಮುಂದಿನ ಪ್ರಶ್ನೆ ಓದಿದರು: "ಮನ್ಯಾಗ ನಳದ ನೀರು ದಿನಾ ಬರ್ತೈತೇನ್ರಿ?"

"ಎರಡು ದಿನಕ್ಕೊಮ್ಮಿ," ಎಂದ ಗುರುಪಾದಯ್ಯ.